ಮಂಡ್ಯದ ಮೇಷ್ಟರ ಪ್ರಶ್ನೆ: ಮನೆಯ ಮತ ಬಿಟ್ಟ ಮಗಳು ಕೆಟ್ಟುಹೋಗುವಳೇ?

ಮನೋವೈದ್ಯರ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನಿದ್ದೆ ಬಾರದವರ, ಪರೀಕ್ಷೆಗೆ ಹೆದರುವವರ, ಅತ್ತೆ ಸೊಸೆಯರ ಪತ್ರಗಳನ್ನು ಬದಿಗಿಟ್ಟರೆ, ತಿಂಗಳು ತಪ್ಪದೆ ಬರುವ ಪ್ರಶ್ನೆ ಒಂದಿದೆ. ಮನೆಯಲ್ಲಿ ತಲೆಮಾರುಗಳಿಂದ ಕಟ್ಟುನಿಟ್ಟಾಗಿ ನಡೆದುಬಂದ ಮತವನ್ನು ಮಗನೋ ಮಗಳೋ ಬಿಟ್ಟಿದ್ದಾರೆ, ಅವರು ಕೆಟ್ಟುಹೋಗುವುದಿಲ್ಲವೇ ಎಂಬುದು ಆ ಪ್ರಶ್ನೆ. ಈವರೆಗೆ ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಬರೆದ ಮರುವಾರವೇ ಅದೇ ಪ್ರಶ್ನೆ ಇನ್ನೊಂದು ಊರಿನಿಂದ ಬರುತ್ತಿತ್ತು. ಆದ್ದರಿಂದ ಈ ಸಲ ಒಂದೇ ಪತ್ರಕ್ಕೆ ಬಹುಪಾಲು ಜಾಗವನ್ನು ಕೊಟ್ಟು, ಉಳಿದವಕ್ಕೆ ಅಳಿದುಳಿದದ್ದನ್ನು ಹಂಚಿದ್ದೇನೆ.

ಒಂದು ಸೂಚನೆ. ಪತ್ರಗಳಲ್ಲಿದ್ದ ಮತ, ಪಂಗಡ, ಮಠ, ಜಮಾತು, ಸಭೆಗಳ ಹೆಸರುಗಳನ್ನು ನಾನೇ ಹೊಡೆದುಹಾಕಿದ್ದೇನೆ. ಹೆಸರು ಕಂಡ ಕೂಡಲೇ ನಮ್ಮ ಓದುಗರು ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಆ ಮತದ ಗುಣದೋಷಗಳ ವಿಚಾರಣೆಗೆ ಕೂರುತ್ತಾರೆ. ಈ ಪ್ರಶ್ನೆಯನ್ನು ನನಗೆ ಎಲ್ಲ ಮತದವರೂ ಕೇಳಿದ್ದಾರೆ, ಮತ್ತು ಎಲ್ಲರೂ ಇದು ತಮ್ಮ ಮನೆಗೆ ಮಾತ್ರ ಬಂದ ಕಷ್ಟವೆಂದೇ ತಿಳಿದಿದ್ದಾರೆ.

ಪ್ರಶ್ನೆ: ನಾನು ಮಂಡ್ಯದಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತನಾದವನು. ನಮ್ಮದು ಆಚಾರದಲ್ಲಿ ಬಹಳ ಬಿಗಿಯಾದ ಕುಟುಂಬ. ಊಟ, ಉಡುಪು, ಸ್ನೇಹ, ಮದುವೆ ಎಲ್ಲಕ್ಕೂ ಕಟ್ಟಳೆಯುಂಟು. ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ 26 ವರ್ಷದ ಮಗಳು, ತನಗೆ ಇದರಲ್ಲಿ ನಂಬಿಕೆಯಿಲ್ಲವೆಂದು ನನ್ನೆದುರಿಗೇ ಹೇಳಿ ಎರಡು ವರ್ಷದ ಹಿಂದೆ ಎಲ್ಲವನ್ನೂ ಬಿಟ್ಟಳು. ಹೀಗೆ ಬಿಟ್ಟವರು ನೀತಿಗೆಡುತ್ತಾರೆ, ಕೊನೆಗೆ ದುಃಖದಲ್ಲೇ ಹೋಗುತ್ತಾರೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮಾತು ನಿಲ್ಲಿಸಿದರೆ ದಾರಿಗೆ ಬರುತ್ತಾಳೆಂದು ಸಲಹೆಯನ್ನೂ ಕೊಟ್ಟರು. ಎಂಟು ತಿಂಗಳಿಂದ ಮಾತಿಲ್ಲ. ಹೀಗೆ ಬಿಟ್ಟುಹೋದವರು ನೀತಿವಂತರಾಗಿ, ಸುಖವಾಗಿ ಬದುಕಿರುವುದು ಉಂಟೇ?

ಉತ್ತರ: ಉಂಟು ಮೇಷ್ಟರೇ, ಬೇಕಾದಷ್ಟು ಮಂದಿ ಉಂಟು. ನಿಮ್ಮ ಪ್ರಶ್ನೆಗೆ ಇಷ್ಟೇ ಉತ್ತರ ಸಾಕಿತ್ತು. ಆದರೆ ಪತ್ರದ ಕೊನೆಯಲ್ಲಿ ನೀವು ಅಡಗಿಸಿಟ್ಟಿರುವ ‘ಎಂಟು ತಿಂಗಳಿಂದ ಮಾತಿಲ್ಲ’ ಎಂಬ ಮೂರು ಪದಗಳು ನನ್ನನ್ನು ಇಷ್ಟಕ್ಕೇ ನಿಲ್ಲಲು ಬಿಡುವುದಿಲ್ಲ. ಅಲ್ಲಿಗೆ ಬರುವ ಮುನ್ನ ನೀತಿಯ ಮಾತನ್ನು ಮುಗಿಸಿಬಿಡೋಣ.

ಮತ ಬಿಟ್ಟವನು ಮನಸ್ಸಿಗೆ ಬಂದಂತೆ ಇರುವುದಕ್ಕಾಗಿಯೇ ಬಿಟ್ಟ ಎಂಬ ತೀರ್ಮಾನವನ್ನು ಎಲ್ಲ ಮತದ ಹಿರಿಯರೂ ಕೊಡುತ್ತಾರೆ. ಕುಡಿಯಬೇಕಿತ್ತು, ತಿರುಗಬೇಕಿತ್ತು, ಯಾರನ್ನೋ ಮದುವೆಯಾಗಬೇಕಿತ್ತು, ಅದಕ್ಕೇ ಬಿಟ್ಟ ಎನ್ನುತ್ತಾರೆ. ಅಂಥವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕೆನಡಾದ ಮನಃಶಾಸ್ತ್ರಜ್ಞರಾದ ಬಾಬ್ ಆಲ್ಟಮೆಯರ್ ಮತ್ತು ಬ್ರೂಸ್ ಹನ್ಸ್‌ಬರ್ಗರ್ ಅವರು, ಬಹಳ ಕಟ್ಟುನಿಟ್ಟಾದ ಮನೆಗಳಲ್ಲಿ ಬೆಳೆದೂ ನಂಬಿಕೆಯನ್ನು ಪೂರ್ತಿ ಬಿಟ್ಟ ವಿದ್ಯಾರ್ಥಿಗಳನ್ನು ಹುಡುಕಿ ಮಾತನಾಡಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಆ ಹುಡುಗರಲ್ಲಿ ಬಹುಮಂದಿ ಸುಖವನ್ನು ಅರಸಿ ಹೊರಟವರಾಗಿರಲಿಲ್ಲ. ಸುಳ್ಳು ಹೇಳಬಾರದು, ಸತ್ಯವೇ ದೊಡ್ಡದು ಎಂದು ಮನೆಯಲ್ಲಿ ಕಲಿತ ಪಾಠವನ್ನೇ ಅವರು ಕೊನೆಗೆ ಮನೆಯ ಬೋಧನೆಯ ಮೇಲೂ ಪ್ರಯೋಗಿಸಿದ್ದರು. ತಾವು ನಂಬದೇ ಇದ್ದುದನ್ನು ನಂಬಿದಂತೆ ನಟಿಸಲು ಅವರಿಂದ ಆಗಲಿಲ್ಲ.

ನಿಮ್ಮ ಮಗಳು ಸುಮ್ಮನೆ ನಟಿಸಬಹುದಿತ್ತಲ್ಲವೇ? ಹಬ್ಬಕ್ಕೆ ಊರಿಗೆ ಬಂದು ಎರಡು ದಿನ ತಲೆ ತಗ್ಗಿಸಿ ಕುಳಿತು, ಮೈಸೂರಿಗೆ ಹಿಂತಿರುಗಿ ತನ್ನಿಷ್ಟದಂತೆ ಇರಬಹುದಿತ್ತು. ಹಾಗೆ ಇರುವವರು ನಿಮ್ಮ ಬೀದಿಯಲ್ಲೂ ಇದ್ದಾರೆ, ನನ್ನ ಬೀದಿಯಲ್ಲೂ ಇದ್ದಾರೆ. ಅವಳು ನಿಮ್ಮೆದುರಿಗೆ ನಿಂತು ಹೇಳಿದಳು. ಈ ಗುಣ ಅವಳಿಗೆ ಎಲ್ಲಿಂದ ಬಂತೆಂದು ಮೂವತ್ತೆರಡು ವರ್ಷ ಪಾಠ ಹೇಳಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಇನ್ನು ದಿನನಿತ್ಯದ ನಡತೆ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕ ಮತ್ತು ಕೆನಡಾದ 1,252 ವಯಸ್ಕರಿಗೆ ಮೂರು ದಿನ, ದಿನಕ್ಕೆ ಐದು ಬಾರಿ ಮೊಬೈಲಿಗೆ ಸಂದೇಶ ಕಳಿಸಿ, ಕಳೆದ ಒಂದು ಗಂಟೆಯಲ್ಲಿ ನೀವು ಮಾಡಿದ, ಕಂಡ ಅಥವಾ ಕೇಳಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಯಾವುದು ಎಂದು ಕೇಳಲಾಗಿತ್ತು. ಮತಸ್ಥರಿಗೂ ಮತವಿಲ್ಲದವರಿಗೂ ಒಳ್ಳೆಯದನ್ನೋ ಕೆಟ್ಟದ್ದನ್ನೋ ಮಾಡಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಮನಸ್ಸಿಗೆ ತಟ್ಟುವ ಬಗೆಯಲ್ಲಿ. ತಪ್ಪು ಮಾಡಿದಾಗ ಪಶ್ಚಾತ್ತಾಪ, ಒಳ್ಳೆಯದು ಮಾಡಿದಾಗ ಹೆಮ್ಮೆ ಇವೆರಡೂ ಮತಸ್ಥರಲ್ಲಿ ಹೆಚ್ಚು ತೀವ್ರವಾಗಿದ್ದವು. ಅದನ್ನು ಬೇಕಾದರೆ ನಿಮ್ಮ ಹಿರಿಯರು ತಮ್ಮ ಕಡೆಯ ಲೆಕ್ಕಕ್ಕೆ ಬರೆದುಕೊಳ್ಳಲಿ, ನನ್ನ ಅಡ್ಡಿಯಿಲ್ಲ.

ಹೀಗಿದ್ದೂ ಈ ಅಪವಾದ ಏಕೆ ಹೋಗುವುದಿಲ್ಲವೆಂದರೆ, ಅದು ಹಿರಿಯರ ತಲೆಯಲ್ಲಿ ಮಾತ್ರ ಕುಳಿತಿಲ್ಲ. ಭಾರತವೂ ಸೇರಿದಂತೆ 13 ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಬ್ಬ ಕ್ರೂರ ಕೊಲೆಗಾರನ ಕಥೆ ಹೇಳಿ ಅವನು ಎಂಥವನಿರಬಹುದೆಂದು ಕೇಳಿದಾಗ, ಜನರ ಊಹೆ ತಾನಾಗಿ ನಾಸ್ತಿಕನ ಕಡೆಗೇ ವಾಲಿತು. ತಾವೇ ದೇವರನ್ನು ನಂಬದವರ ಊಹೆಯೂ ಹಾಗೆಯೇ ಇತ್ತು. ನನ್ನ ಬಳಿ ಬರುವ ಮತ ಬಿಟ್ಟ ಯುವಕರ ಮುಖ್ಯ ಸಂಕಟ ಇದೇ. ಊರಿನವರ ಮಾತನ್ನು ಅವರು ಒಳಗೊಳಗೇ ನಂಬಿರುತ್ತಾರೆ. ಬಿಟ್ಟ ಮೊದಲ ವರ್ಷ ಒಂದು ಸಣ್ಣ ತಪ್ಪಾದರೂ ‘ನೋಡಿದೆಯಾ, ಶುರುವಾಯಿತು’ ಎಂದು ತಮ್ಮನ್ನು ತಾವೇ ಕಾವಲು ಕಾಯುತ್ತಾರೆ.

ಕಲಿತದ್ದು ಅಷ್ಟು ಸುಲಭವಾಗಿ ಹೋಗುವಂಥದ್ದೂ ಅಲ್ಲ. ನನ್ನ ಪರಿಚಯದ ಪ್ರಾಧ್ಯಾಪಕರೊಬ್ಬರು ಮೂವತ್ತು ವರ್ಷಗಳಿಂದ ನಿರೀಶ್ವರವಾದಿ. ಸರಸ್ವತಿಪುರಂನ ಅವರ ಮನೆಯಲ್ಲಿ ನೆಲದ ಮೇಲೆಲ್ಲ ಪುಸ್ತಕಗಳೇ. ಓಡಾಡುವಾಗ ಕಾಲಿಗೆ ಒಂದು ಪುಸ್ತಕ ತಾಗಿದರೆ ಈಗಲೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನು ನಕ್ಕರೆ, ‘ಕೈ ನನ್ನ ಮಾತು ಕೇಳುವುದಿಲ್ಲ ಡಾಕ್ಟರೇ’ ಎನ್ನುತ್ತಾರೆ. ಅಮೆರಿಕ, ನೆದರ್ಲೆಂಡ್ಸ್, ನ್ಯೂಜಿಲೆಂಡ್, ಹಾಂಗ್‌ಕಾಂಗ್‌ಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಮತದ ಶೇಷವೆಂದು ಕರೆದಿದೆ. ಮತ ಬಿಟ್ಟವರ ಯೋಚನೆ, ಭಾವನೆ, ನಡವಳಿಕೆಗಳು ಮತಸ್ಥರಿಗೂ, ಎಂದೂ ಮತವೇ ಇಲ್ಲದವರಿಗೂ ನಡುವೆ ಎಲ್ಲೋ ನಿಲ್ಲುತ್ತವೆ. ಕಾಲ ಕಳೆದಂತೆ ಆ ಶೇಷ ನಿಧಾನವಾಗಿ ಸವೆಯುತ್ತದೆ. ರಾತ್ರೋರಾತ್ರಿ ಯಾರೂ ಬೇರೆಯವರಾಗುವುದಿಲ್ಲ.

ಉದಾಹರಣೆ ಬೇಕೆಂದಿರಿ. ನಿಮ್ಮ ಜಿಲ್ಲೆಯದೇ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಸಾಹಿತಿ ಎ.ಎನ್. ಮೂರ್ತಿರಾಯರು ದೇವರಿಲ್ಲವೆಂಬ ತಮ್ಮ ನಿಲುವನ್ನು ತೊಂಬತ್ತು ದಾಟಿದ ಮೇಲೆ ಪುಸ್ತಕವಾಗಿ ಬರೆದು, ನೂರಮೂರು ವರ್ಷ ಬಾಳಿ 2003ರಲ್ಲಿ ತೀರಿಕೊಂಡರು. ಅವರ ನೀತಿಯ ಬಗ್ಗೆ ಯಾರೂ ಬೆರಳು ತೋರಿಸಿದ್ದನ್ನು ನಾನು ಕೇಳಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆಗೆ ಒಡ್ಡಿದವರು. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಖಾದಿ ಉಟ್ಟು ಸನ್ಯಾಸಿಗಿಂತ ಸರಳವಾಗಿ ಬದುಕಿದರು. ಆಂಧ್ರದ ಗೋರಾ ಅವರು ಸಂಪ್ರದಾಯಸ್ಥ ಕುಟುಂಬದಲ್ಲಿ ಹುಟ್ಟಿ, ಜನಿವಾರ ತೆಗೆದು, ನಾಸ್ತಿಕತೆಗಾಗಿ ಅಧ್ಯಾಪಕ ವೃತ್ತಿಯನ್ನೂ ಕಳೆದುಕೊಂಡು, ಕೊನೆಗೆ ಅಸ್ಪೃಶ್ಯತೆಯ ವಿರುದ್ಧ ದುಡಿದರು. ಹೆಂಡತಿ ಸರಸ್ವತಿ ಗೋರಾ ಕಡೆಯವರೆಗೂ ಜೊತೆಗಿದ್ದರು. ಆದರೆ ಮೇಷ್ಟರೇ, ಇಂಥ ಪಟ್ಟಿಗಳಿಂದ ಏನೂ ಸಾಬೀತಾಗುವುದಿಲ್ಲ. ಮತದ ಕಡೆಯವರೂ ಇದಕ್ಕಿಂತ ಉದ್ದದ ಪಟ್ಟಿ ತರಬಲ್ಲರು. ದೊಡ್ಡವರ ಹೆಸರಿನಿಂದ ನಿಮ್ಮ ಮನಸ್ಸು ಸ್ವಲ್ಪ ಹಗುರವಾದರೆ ಸಾಕೆಂದು ಬರೆದೆ.

ಈಗ ಸುಖದ ಮಾತಿಗೆ ಬರೋಣ. ಇಲ್ಲಿ ನಾನು ನಿಮಗೆ ಪೂರ್ತಿ ಸಮಾಧಾನ ಹೇಳಲಾರೆ. ಮತ ಬಿಟ್ಟೊಡನೆ ಬಿಡುಗಡೆಯಾಯಿತು, ಎಲ್ಲ ಸುಖವೇ ಎಂದು ಮೊಬೈಲಿನಲ್ಲಿ ಭಾಷಣ ಬಿಗಿಯುವವರು ಅರ್ಧ ಸತ್ಯವನ್ನು ಹೇಳುತ್ತಾರೆ. ಅಮೆರಿಕದಲ್ಲಿ 1972ರಿಂದ 2006ರವರೆಗೆ ಸಂಗ್ರಹವಾದ ಸಮೀಕ್ಷೆಗಳನ್ನು ಕ್ರಿಸ್ಟೋಫರ್ ಶೈಟ್ಲ್ ಮತ್ತು ಏಮಿ ಆಡಮ್‌ಚಿಕ್ ಎಂಬ ಸಮಾಜಶಾಸ್ತ್ರಜ್ಞರು ಪರಿಶೀಲಿಸಿ 2010ರಲ್ಲಿ ಬರೆದ ಪ್ರಬಂಧದ ಪ್ರಕಾರ, ಸದಸ್ಯರಿಂದ ಬಹಳ ನಿಷ್ಠೆಯನ್ನು ಕೇಳುವ ಬಿಗಿಯಾದ ಪಂಗಡಗಳಲ್ಲಿ ಬೆಳೆದು ಅಲ್ಲಿಯೇ ಉಳಿದವರಿಗಿಂತ, ಬಿಟ್ಟುಹೋದವರು ತಮ್ಮ ಆರೋಗ್ಯ ಚೆನ್ನಾಗಿಲ್ಲವೆಂದು ಹೇಳಿಕೊಂಡದ್ದು ಹೆಚ್ಚು. ನಿಮ್ಮ ಹಿರಿಯರು ಇದನ್ನು ಓದಿದರೆ ‘ನಾವು ಹೇಳಲಿಲ್ಲವೇ’ ಎನ್ನುತ್ತಾರೆ. ಅವರು ಮುಂದಿನದನ್ನೂ ಓದಬೇಕು.

ಮತಸ್ಥರು ಹೆಚ್ಚು ತೃಪ್ತರು ಎಂಬ ಮಾತು ಅಮೆರಿಕದ ಸಮೀಕ್ಷೆಗಳಲ್ಲಿ ಪದೇ ಪದೇ ಕಾಣುತ್ತದೆ. ಆ ತೃಪ್ತಿ ಎಲ್ಲಿಂದ ಬರುತ್ತದೆಂದು ಚೀಯುನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಎಂಬ ಸಮಾಜವಿಜ್ಞಾನಿಗಳು 2010ರಲ್ಲಿ ಬಿಡಿಸಿ ನೋಡಿದರು. ಪ್ರಾರ್ಥನಾ ಸಭೆಗೆ ಹೋಗುವವರಲ್ಲಿ, ಅಲ್ಲಿ ಆಪ್ತ ಸ್ನೇಹಿತರನ್ನು ಹೊಂದಿದ್ದವರಿಗೆ ಹೆಚ್ಚಿನ ತೃಪ್ತಿಯಿತ್ತು. ಪ್ರತಿ ವಾರ ತಪ್ಪದೆ ಹೋಗಿಯೂ ಅಲ್ಲಿ ಯಾರನ್ನೂ ಹಚ್ಚಿಕೊಳ್ಳದವರಿಗೆ ಅದು ದಕ್ಕಿರಲಿಲ್ಲ. ಬಿಗಿಯಾದ ಪಂಗಡಗಳಲ್ಲಿ ಸ್ನೇಹಿತರು, ನೆಂಟರು, ಸಾಲ ಕೊಡುವವರು, ಹೆಣ್ಣು ಗಂಡು ಹುಡುಕುವವರು, ಸತ್ತಾಗ ಹೆಗಲು ಕೊಡುವವರು ಎಲ್ಲರೂ ಒಳಗಿನವರೇ ಆಗಿರುತ್ತಾರೆ. ಅದನ್ನು ಬಿಟ್ಟವಳು ಬೋಧನೆಯೊಂದನ್ನು ಬಿಟ್ಟಂತಲ್ಲ, ಇಡೀ ಊರನ್ನೇ ಬಿಟ್ಟಂತೆ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ಮೂವತ್ತೊಂದರ ಯುವಕ, ಕುವೆಂಪುನಗರದಲ್ಲಿ ಒಂಟಿ ಕೋಣೆ. ಅವನ ಪಂಗಡದವರು ವಾರಕ್ಕೊಂದು ದಿನ ಬೆಳಿಗ್ಗೆ ಸೇರುತ್ತಿದ್ದರು. ಬಿಟ್ಟು ಒಂದು ವರ್ಷವಾದರೂ ಆ ದಿನ ಐದೂವರೆಗೇ ಎಚ್ಚರವಾಗುತ್ತಿತ್ತು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಹೋಗಲು ಜಾಗವಿಲ್ಲವೆಂಬುದು ನೆನಪಾಗುತ್ತಿತ್ತಂತೆ. ಕುಕ್ಕರಹಳ್ಳಿ ಕೆರೆಗೆ ಹೋಗಿ ಏರಿಯ ಮೇಲಿನ ಬೆಂಚಿನಲ್ಲಿ ಒಂಬತ್ತರವರೆಗೆ ಕುಳಿತು ಹಿಂತಿರುಗುತ್ತಿದ್ದ. ನನ್ನ ಬಳಿ ಬಂದಾಗ ಅವನಿಗೆ ನಿದ್ದೆಯಿರಲಿಲ್ಲ, ಎಂಟು ಕಿಲೋ ಇಳಿದಿದ್ದ. ನಾನು ಕೆಲವು ತಿಂಗಳು ಔಷಧಿ ಕೊಟ್ಟೆ, ಅದು ಬೇಕಿತ್ತು. ಆದರೆ ಅವನನ್ನು ಎತ್ತಿ ನಿಲ್ಲಿಸಿದ್ದು ಅದೇ ಕೆರೆಯ ಏರಿಯ ಮೇಲೆ ಹಕ್ಕಿ ನೋಡಲು ಬರುತ್ತಿದ್ದ ನಾಲ್ಕೈದು ಮಂದಿ. ಮೊದಲು ದುರ್ಬೀನು ಕೈಗೆ ಕೊಟ್ಟರು, ಆಮೇಲೆ ಜೊತೆಯಲ್ಲಿ ದೋಸೆಗೆ ಕರೆದೊಯ್ದರು. ಎರಡನೆಯ ಮಳೆಗಾಲದಲ್ಲಿ ಅವನಿಗೆ ಡೆಂಗಿ ಬಂದು ಮಲಗಿದಾಗ ಸರದಿಯ ಮೇಲೆ ಗಂಜಿ ತಂದವರು ಅವರೇ. ‘ಹಿಂದೆ ಆಗಿದ್ದರೆ ನಮ್ಮ ಸಭೆಯವರು ತರುತ್ತಿದ್ದರು’ ಎಂದು ಹೇಳಿ ಆ ಹುಡುಗ ನನ್ನೆದುರು ಅತ್ತ. ಈಗ ಅವನಿಗೆ ಮದುವೆಯಾಗಿ ಮಗುವಿದೆ. ಸುಖವಾಗಿದ್ದಾನೆಯೇ ಎಂದು ಕೇಳಿದರೆ, ಹೌದು. ಅವನ ತಾಯಿ ಮೊಮ್ಮಗುವನ್ನು ಇನ್ನೂ ನೋಡಿಲ್ಲ.

ಹೆಲೆನ್ ರೋಸ್ ಈಬಾ ಎಂಬ ಸಮಾಜಶಾಸ್ತ್ರಜ್ಞೆ ಹಿಂದೆ ಕ್ರೈಸ್ತ ಸನ್ಯಾಸಿನಿಯಾಗಿದ್ದು ಮಠ ಬಿಟ್ಟವರು. ಒಂದು ಪಾತ್ರವನ್ನು ಬಿಟ್ಟು ಬಂದವರ ಬದುಕಿನ ಬಗ್ಗೆ 1988ರಲ್ಲಿ ಪುಸ್ತಕ ಬರೆದರು. ಬಿಡುವುದು ಒಂದು ಗಳಿಗೆಯ ಕೆಲಸವಲ್ಲ. ಸಂಶಯ, ಹುಡುಕಾಟ, ನಿರ್ಧಾರ ಎಲ್ಲ ಮುಗಿದ ಮೇಲೂ ಹಳೆಯ ಪಾತ್ರದ ಬಣ್ಣ ಮುಖದ ಮೇಲೆ ಉಳಿದಿರುತ್ತದೆ ಎಂಬುದು ಅವರ ಮಾತಿನ ಸಾರ. ನನ್ನ ಅನುಭವದಲ್ಲಿ ಮೊದಲ ಎರಡು ಮೂರು ವರ್ಷ ಕಷ್ಟದವು. ನಿಮ್ಮ ಮಗಳು ಈಗ ಅದರ ನಟ್ಟನಡುವೆ ಇದ್ದಾಳೆ. ಈ ಹೊತ್ತಿನಲ್ಲಿ ಅವಳು ದುಃಖದಲ್ಲಿದ್ದರೆ, ಆ ದುಃಖದಲ್ಲಿ ನಂಬಿಕೆ ಹೋದದ್ದರ ಪಾಲೆಷ್ಟು, ಅಪ್ಪನ ಫೋನು ಬಾರದ ಎಂಟು ತಿಂಗಳ ಪಾಲೆಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿ. ಮಾತು ನಿಲ್ಲಿಸಿ ದುಃಖವನ್ನು ತಂದಿಟ್ಟು, ಆ ದುಃಖವನ್ನೇ ತೋರಿಸಿ ‘ನೋಡು, ಬಿಟ್ಟವರ ಗತಿ’ ಎನ್ನುವ ಹಿರಿಯರ ಮೇಲೆ ನನಗೆ ಬರುವ ಸಿಟ್ಟನ್ನು ಈ ಅಂಕಣದ ಮರ್ಯಾದೆಗಾಗಿ ನುಂಗಿಕೊಳ್ಳುತ್ತೇನೆ.

ಮಾತು ಬಿಟ್ಟರೆ ಮಕ್ಕಳು ದಾರಿಗೆ ಬರುತ್ತಾರೆಂಬುದು ಈ ಇಪ್ಪತ್ತಾರು ವರ್ಷಗಳ ವೃತ್ತಿಯಲ್ಲಿ ನನಗೆ ತೀರ ವಿರಳವಾಗಿ ಕಂಡಿದೆ. ಹಾಗೆ ಬಂದವರೂ ನಂಬಿಕೆಯಿಂದ ಬರಲಿಲ್ಲ, ಒಂಟಿತನ ತಾಳಲಾರದೆ ಬಂದರು; ಬಂದು ನಟಿಸಿದರು. ಅದು ನಿಮಗೆ ಬೇಕೇ?

ಮಾಡಬೇಕಾದದ್ದು ದೊಡ್ಡದೇನಲ್ಲ. ಈ ವಾರ ಫೋನು ಮಾಡಿ. ಮತದ ವಿಷಯ ಎತ್ತಬೇಡಿ, ಕ್ಷಮೆಯ ಭಾಷಣವೂ ಬೇಡ. ಊಟವಾಯಿತೇ, ಊರಿಗೆ ಯಾವಾಗ ಬರುತ್ತೀಯ ಎಂದು ಕೇಳಿದರೆ ಸಾಕು. ಬಂದಾಗ ನಿಮ್ಮ ಮನೆಯ ಕಟ್ಟಳೆಗಳನ್ನು ನೀವು ಬಿಡಬೇಕಾಗಿಲ್ಲ. ನಿಮ್ಮ ಪೂಜೆ ಪ್ರಾರ್ಥನೆಗಳ ಹೊತ್ತಿಗೆ ಅವಳು ಹೊರಗಿನ ಜಗಲಿಯಲ್ಲಿ ಕುಳಿತು ಪತ್ರಿಕೆ ಓದಲಿ. ಊಟಕ್ಕೆ ಮಾತ್ರ ಬೇರೆ ಕೂರಿಸಬೇಡಿ. ಬೇರೆ ತಟ್ಟೆಯಲ್ಲಿ ಉಂಡ ಊಟವನ್ನು ಹತ್ತು ಹದಿನೈದು ವರ್ಷಗಳ ಮೇಲೆ ನೆನೆದು ಅಳುವವರನ್ನು ನಾನು ಕಂಡಿದ್ದೇನೆ. ಬೈಗುಳವನ್ನು ಅಷ್ಟು ಕಾಲ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹಿರಿಯರು ನಿಮ್ಮನ್ನೂ ಹೊರಗಿಟ್ಟಾರೆಂಬ ಭಯ ನಿಮಗಿರಬಹುದು. ಅದು ಸುಳ್ಳು ಭಯವೆಂದು ನಾನು ಹೇಳುವುದಿಲ್ಲ. ಮೊದಲ ಫೋನಿಗೆ ಅವರ ಅಪ್ಪಣೆಯಂತೂ ಬೇಕಿಲ್ಲ. ಅವಳ ಮಾತಿನಲ್ಲಿ ಬದುಕೇ ಬೇಡವೆಂಬ ಸುಳಿವು ಕಂಡರೆ ವಾದಕ್ಕಿಳಿಯದೆ ಅಂದೇ ಮೈಸೂರಿಗೆ ಹೊರಡಿ. ಹೊತ್ತಲ್ಲದ ಹೊತ್ತಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಪ್ರಶ್ನೆ: ಮಗ ಆಚರಣೆಗಳನ್ನೆಲ್ಲ ಬಿಟ್ಟಿದ್ದಾನೆ. ಕೆಲಸಕ್ಕೆ ಹೋಗುತ್ತಾನೆ, ಊಟ ನಿದ್ದೆ ಸರಿಯಾಗಿದೆ. ಇದು ಮಾನಸಿಕ ಕಾಯಿಲೆಯೆಂದು ಬರೆದುಕೊಟ್ಟು ಅವನಿಗೆ ತಿಳಿಯದಂತೆ ಕಾಫಿಯಲ್ಲಿ ಬೆರೆಸಲು ಮಾತ್ರೆ ಕೊಡುವಿರಾ? (ಮೈಸೂರು)

ಉತ್ತರ: ಕೊಡುವುದಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಮೂರನೆಯ ಸೆಕ್ಷನ್ ಓದಿ. ತನ್ನ ಸಮುದಾಯದ ಮತನಂಬಿಕೆಗೆ ಒಬ್ಬನು ಹೊಂದಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅವನನ್ನು ಮನೋರೋಗಿಯೆಂದು ತೀರ್ಮಾನಿಸುವಂತಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಇಂಥ ಮಾತ್ರೆ ಕೊಡುವ ವೈದ್ಯ ಸಿಕ್ಕರೆ ಅವನಿಂದ ನೀವೂ ದೂರವಿರಿ.

ಪ್ರಶ್ನೆ: ಯಾರೋ ಮಾಡಿಸಿದ್ದಾರೆ, ಅದಕ್ಕೇ ಮಗಳು ಹೀಗಾದಳು ಎಂದು ಒಬ್ಬರು ತಡೆ ಒಡೆಯಲು ಮೂವತ್ತೈದು ಸಾವಿರ ಕೇಳುತ್ತಿದ್ದಾರೆ. (ಮದ್ದೂರು)

ಉತ್ತರ: ಮಗಳಿಗೆ ಏನೂ ಆಗಿಲ್ಲ, ನಿಮ್ಮ ಮೂವತ್ತೈದು ಸಾವಿರಕ್ಕೆ ಆಗುವುದರಲ್ಲಿದೆ.

ಪ್ರಶ್ನೆ: ನಾನು ಮತ ಬಿಟ್ಟು ಆರು ತಿಂಗಳಾಯಿತು. ನನಗೆ ‘ರಿಲಿಜಿಯಸ್ ಟ್ರಾಮಾ ಸಿಂಡ್ರೋಮ್’ ಇದೆಯೆಂದು ಆನ್‌ಲೈನಿನಲ್ಲಿ ಒಬ್ಬ ಹೀಲರ್ ಹೇಳಿ, 21 ದಿನಗಳ ಪ್ಯಾಕೇಜ್ ತೆಗೆದುಕೊಳ್ಳಲು ಹೇಳಿದ್ದಾರೆ. (ಮೈಸೂರು)

ಉತ್ತರ: ಆ ಹೆಸರನ್ನು 2011ರಲ್ಲಿ ಮಾರ್ಲೀನ್ ವಿನೆಲ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ ಬಳಕೆಗೆ ತಂದರು. ಅವರು ವಿವರಿಸಿದ ಭಯ, ಅಪರಾಧಪ್ರಜ್ಞೆ, ಒಂಟಿತನಗಳು ನಿಜವಾದವು. ಆದರೆ ನಾವು ರೋಗ ಗುರುತಿಸಲು ಬಳಸುವ ಅಧಿಕೃತ ಪಟ್ಟಿಗಳಲ್ಲಿ ಆ ಹೆಸರಿನ ಕಾಯಿಲೆಯಿಲ್ಲ, ಅದನ್ನು 21 ದಿನಗಳಲ್ಲಿ ಗುಣಪಡಿಸುವ ಶಾಸ್ತ್ರವೂ ಇಲ್ಲ. ನಿದ್ದೆ, ಹಸಿವು ಕೆಟ್ಟಿದ್ದರೆ ಓದಿ ಪದವಿ ಪಡೆದ ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಿ. ಒಬ್ಬ ಗುರುವನ್ನು ಬಿಟ್ಟು ಬಂದವರು ಆರೇ ತಿಂಗಳಲ್ಲಿ ಇನ್ನೊಬ್ಬ ಗುರುವಿನ ಖಾತೆಗೆ ಹಣ ಹಾಕುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ನಾನು ಸತ್ಯವನ್ನು ಕಂಡುಕೊಂಡೆ. ಅಪ್ಪ ಅಮ್ಮನಿಗೂ ಮನವರಿಕೆ ಮಾಡಿಸಲು ದಿನವೂ ವಾದ ಮಾಡುತ್ತೇನೆ, ಅವರು ಅಳುತ್ತಾರೆ. ಏನು ಮಾಡಲಿ? (ಶ್ರೀರಂಗಪಟ್ಟಣ)

ಉತ್ತರ: ವಾದ ನಿಲ್ಲಿಸಿ. ನೀವು ಮತ ಬಿಟ್ಟಿದ್ದೀರಿ, ಮತಪ್ರಚಾರವನ್ನು ಬಿಟ್ಟಿಲ್ಲ.

ಪ್ರಶ್ನೆ: ಮತ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುಂಟೇ?

ಉತ್ತರ: ವಕೀಲರನ್ನು ಕೇಳಿ. ಇದು ಮನೋವೈದ್ಯರ ಅಂಕಣವೆಂದು ಎಷ್ಟು ಸಲ ಬರೆಯಲಿ?

ಪ್ರಶ್ನೆ: ನೀವು ದೇವರನ್ನು ನಂಬುತ್ತೀರಾ? ಅದನ್ನು ಹೇಳದೆ ನಿಮ್ಮ ಸಲಹೆಯನ್ನು ನಂಬುವುದು ಹೇಗೆ?

ಉತ್ತರ: ಇದೇ ಓದುಗರು ಹೋದ ವರ್ಷ ಮೂರು ಸಲ ಇದನ್ನೇ ಕೇಳಿದ್ದಾರೆ. ಪಕ್ಕದ ಮನೆಯವರಿಗೇ ಹೇಳಿಲ್ಲ.